ನೈರೋಬಿಗೆ ಮುಟ್ಟದ ಮಾತು

ಇವತ್ತು ಮುಂಜಾನೆ ಹೊಸ ಇಂಟರ್ನೆಟ್ ಜೋಡಿಸಲು ಬಂದ ಕಂಪನಿಯ ಮನುಷ್ಯ ಗೋಡೆಯ ಮೇಲಿನ ಹಳೆಯ ರೂಟರನ್ನು ಕಿತ್ತು, ಧೂಳು ಊದಿ, ಇದನ್ನು ಇಟ್ಟುಕೊಳ್ಳುತ್ತೀರೇನು ಎಂದು ಕೇಳಿದ. ನಾನು ಅವನ ಮೇಲೆ ಹರಿಹಾಯ್ದೆ. ಅದನ್ನು ನನ್ನ ಕಣ್ಣೆದುರಿನಿಂದ ಒಯ್ಯು, ಒಯ್ದು ಯಾವುದಾದರೂ ಹಾಳು ಬಾವಿಗೆ ಹಾಕು ಎಂದೆ. ಪಾಪ, ಅವನು ಏಣಿಯ ಮೇಲೆಯೇ ನಿಂತುಬಿಟ್ಟ. ಆಮೇಲೆ ಚಹಾ ಕೊಟ್ಟೆ ಅನ್ನಿ. ನಮ್ಮ ಓಣಿಯಲ್ಲಿ ನನ್ನ ಸಿಟ್ಟಿನ ಬಗ್ಗೆ ಒಂದು ಮಾತಿದೆ: ಇವರ ಮನೆಯಲ್ಲಿ ಒಲೆ ಹೊತ್ತಿಸುವ ಮೊದಲೇ ಹಾಲು ಉಕ್ಕುತ್ತದಂತೆ. ಇರಲಿ. ಆದರೆ ಈ ಸಿಟ್ಟಿಗೆ ಕಾರಣವಿದೆ, ಕೇಳಿ.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾದ ಮೇಲೆ ಬೆಟಗೇರಿಯ ನಮ್ಮ ಓಣಿಗೂ ಬ್ರಾಡ್‌ಬ್ಯಾಂಡ್ ಬಂತು. ಜಿಲ್ಲೆಯಾದರೆ ರಸ್ತೆ ಬರುತ್ತದೆ, ನೀರು ಬರುತ್ತದೆ ಎಂದಿದ್ದರು. ಎಲ್ಲಕ್ಕಿಂತ ಮೊದಲು ಬಂದದ್ದು ಈ ವೈರು. ನಮ್ಮಣ್ಣ ಆಗ ನೈರೋಬಿಯಲ್ಲಿ ಒಂದು ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ. ಸಾದಾ ಫೋನು ದುಬಾರಿ ಎಂದು ಇಂಟರ್ನೆಟ್ ಮೇಲೆ ಮಾತಾಡುವ ಫೋನೊಂದನ್ನು ನಮ್ಮ ಮನೆಗೆ ತಂದುಕೊಟ್ಟ. ಅಂಥದ್ದೇ ಇನ್ನೊಂದು ಅವನ ಮನೆಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಪಡಸಾಲೆಯ ಎರಡು ಮಗ್ಗಗಳು ಅಣ್ಣ-ತಂಗಿ ನಮ್ಮಿಬ್ಬರ ಪಾಲಿಗೆ ಬಂದಿದ್ದವು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಹಿಂದಿನ ಓಣಿಯ ಹುಸೇನಬಿ ಸೀರೆ ನೇಯುತ್ತಿದ್ದೆವು. ನನ್ನ, ಅವಳ ಎರಡೂ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಫೋನೇನೋ ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ಸುಡುಗಾಡು ಮೌನ. ಅವನ ದನಿ ನಮಗಿಲ್ಲ, ನಮ್ಮದು ಅವನಿಗಿಲ್ಲ. ಗದಗದಿಂದ ಒಬ್ಬ ರಿಪೇರಿಯವನನ್ನು ಕರೆಸಿದೆ. ಮನೆಯೊಳಗೆ ಫೋನಿಗೆ ಒಂದು ವಿಳಾಸ ಇರುತ್ತದಂತೆ, ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲವಂತೆ. ರೂಟರ್ ಅದನ್ನು ಹೊರಗಿನ ವಿಳಾಸಕ್ಕೆ ಬದಲಿಸಿ ಕಳಿಸಬೇಕು, ಬಂದ ದನಿಯನ್ನು ತಿರುಗಿ ಫೋನಿಗೆ ಮುಟ್ಟಿಸಬೇಕು. ಅವನು ಏನೇನೋ ಒತ್ತಿ ನಮ್ಮ ರೂಟರಿಗೆ ಅದನ್ನು ಕಲಿಸಿಕೊಟ್ಟ. ಅಣ್ಣನ ದನಿ ಬಂತು, ಪಕ್ಕದಲ್ಲೇ ಕೂತಷ್ಟು ಸ್ವಚ್ಛ. ನಮ್ಮ ದನಿ ಮಾತ್ರ ಅವನಿಗೆ ಹೋಗಲಿಲ್ಲ.

"ನಿಮ್ಮ ಮಾತು ಅವರ ಬಾಗಲಾ ಮಟಾ ಹೋಗೇತ್ರಿ ಅಕ್ಕಾರ. ಅವರ ರೂಟರ್ ಒಳಗ ಬಿಡವಲ್ದು. ಇಲ್ಲಿ ಮಾಡಿದ್ದನ್ನ ಅಲ್ಲೂ ಮಾಡಬೇಕು," ಎಂದ ರಿಪೇರಿಯವನು.

ಅಣ್ಣನಿಗೆ ಇಮೇಲ್ ಕಳಿಸಿದೆ. ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮೂರಿನ ಲೈನೇ ದರಿದ್ರ ಎಂದು ಉತ್ತರ ಬಂತು. ನೋಡಿ, ನಮ್ಮೂರಂತೆ! ತಾನು ಹುಟ್ಟಿ ಬೆಳೆದ ಊರು ಯಾವುದೋ! ಆದರೂ ನಂಬಿದೆ. ಆ ರಿಪೇರಿಯವನನ್ನು ಮತ್ತೆ ಮತ್ತೆ ಕರೆಸಿ, ಮತ್ತೆ ಮತ್ತೆ ಬೈದೆ.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಎತ್ತಿದೆ.

"ತಂಗಿ, ಮಗ್ಗ ಮಾರೂಣು. ಲಕ್ಷ್ಮೇಶ್ವರದಾಂವ ಒಬ್ಬಾಂವ ಕೇಳ್ಯಾನ. ಪಡಸಾಲಿ ಗೋದಾಮಿಗೆ ಬಾಡಗಿ ಕೊಡೂಣು. ನಿಂದೇನರ ತಕರಾರ ಇದ್ರ ಈಗ ಹೇಳು."

ಹೇಳಿದೆನೇ? ಕಿರುಚಿದೆ. ಮಾರಬೇಡ ಅಂದೆ, ನಾವು ತಿನ್ನುವುದೇನು ಅಂದೆ, ಅಪ್ಪನ ಆಣೆ ಹಾಕಿದೆ. ಹುಸೇನಬಿ ನೇಯುವುದನ್ನು ಬಿಟ್ಟು ಎದ್ದುಬಂದಳು. ಫೋನಿನಲ್ಲಿ ಅವನು ಉಸಿರಾಡುವುದು ನನಗೆ ಕೇಳುತ್ತಿತ್ತು.

"ಏನೂ ಅನವಲ್ಲಿ. ಹಂಗಾರ ಆತು, ಒಪ್ಪಿದಿ ಅಂತ ತಿಳಕೋತೀನಿ," ಅಂದು ಇಟ್ಟುಬಿಟ್ಟ.

ಕಾಲಿಗೆ ಚಪ್ಪಲಿಯಿಲ್ಲದೆ ಎಸ್‌ಟಿಡಿ ಬೂತಿಗೆ ಓಡಿ ಸಾದಾ ಫೋನ್ ಹಚ್ಚಿದೆ. ಕೇಳಿದಾಗ ಸುಮ್ಮನಿದ್ದೆಯಲ್ಲ, ಈಗ ಮಾತು ಕೊಟ್ಟಾಗಿದೆ, ಗಂಡಸು ಕೊಟ್ಟ ಮಾತು ತಪ್ಪಲಿಕ್ಕಾಗುತ್ತದೆಯೇ ಎಂದ. ಮೈ ಉರಿದುಹೋಯಿತು. ಆದರೂ ನೀವೇ ಹೇಳಿ, ಕೇಳಿಸದೆ ಇದ್ದವನನ್ನು ಎಷ್ಟು ಬೈಯಲಿಕ್ಕಾಗುತ್ತದೆ? ಮನೆಗೆ ಬಂದು ರೂಟರನ್ನು ಬೈದೆ.

ಹುಸೇನಬಿ ಬೈಯಲಿಲ್ಲ, ಅಳಲೂ ಇಲ್ಲ. ನಮ್ಮ ನೇಕಾರರಲ್ಲಿ ಒಂದು ಕಟ್ಟುಪಾಡಿದೆ: ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳು, ಮೇಲಿರುವಾಗ ಮಗ್ಗ ಬಿಚ್ಚುವುದಿಲ್ಲ. ನೇಯ್ದು ಮುಗಿಯಬೇಕು, ಮಗ್ಗ ಖಾಲಿಯಾಗಬೇಕು, ಆಮೇಲೆ ಮಿಕ್ಕ ಮಾತು. ಅವಳು ಹಳೆಯ ಹಾಸು ಮುಗಿಯುವ ಮೊದಲೇ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕತೊಡಗಿದಳು. ನನ್ನ ಮಗ್ಗಕ್ಕೂ ಹಾಗೆಯೇ ಮಾಡಿದೆವು. ಲಕ್ಷ್ಮೇಶ್ವರದವನು ಟೆಂಪೋ ತಂದ. ಅವನೂ ನೇಕಾರರ ಮನೆಯವನೇ. ಹಾಸು ನೋಡಿ ಬಾಗಿಲಲ್ಲೇ ನಿಂತ. ಯಾವಾಗ ಮುಗಿಯುತ್ತದೆ ಎಂದು ಕೇಳಿದ.

"ಮುಗ್ಯಂಗಿಲ್ರೀ," ಅಂದಳು ಹುಸೇನಬಿ, ತಲೆ ಎತ್ತದೆ.

ಅವನು ಇನ್ನೂ ಕೆಲವು ಸಲ ಬಂದು ನೋಡಿ ಕೈಬಿಟ್ಟ. ಮಗ್ಗ ಉಳಿದವು. ಅಣ್ಣ ಮಾತು ಬಿಟ್ಟ. ಆಮೇಲೆ ನಮ್ಮಿಬ್ಬರ ನಡುವೆ ಯಾರದಾದರೂ ಸಾವು, ಯಾರದಾದರೂ ಮದುವೆ, ಇಷ್ಟರದೇ ಖಬರ. ಹುಸೇನಬಿಗೆ ಈಗ ಕಣ್ಣು ಮಂಜು. ಅವಳ ಸೊಸೆ ನೇಯುತ್ತಾಳೆ, ಇವಳು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾಳೆ.

ಇವತ್ತು ಚಹಾ ಕುಡಿದ ಕಂಪನಿಯವನು ಹೊಸದನ್ನು ಜೋಡಿಸಿ, ಯಾರಿಗಾದರೂ ಫೋನ್ ಮಾಡಿ ನೋಡಿ ಎಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೊಬೈಲಿನಲ್ಲಿ ಅಣ್ಣನಿಗೇ ಹಚ್ಚಿದೆ. ಹಲೋ ಅಂದ. ದನಿ ಮುದಿಯಾಗಿತ್ತು. ಆರಾಮಿದ್ದೀಯಾ ಎಂದು ಕೂಡ ನಾನು ಕೇಳಲಿಲ್ಲ.

"ನಿನ್ನ ಮನ್ಯಾಗಿನ ಆ ರೂಟರ್ ಕಡೀಕೂ ರಿಪೇರಿ ಮಾಡಸಲೇ ಇಲ್ಲಲ್ಲ ನೀ," ಅಂದೆ.

"ಮಾಡಸಿದ್ದೆ," ಅಂದ.

"ಯಾವಾಗ?"

"ಮಗ್ಗದ ಮಾತು ಕೇಳೂಕಿಂತ ಮೊದಲ. ಅವತ್ತ ನೀ ಅಂದದ್ದೆಲ್ಲಾ ಕೇಳಸಿತ್ತು, ತಂಗಿ. ಅಪ್ಪನ ಆಣಿ ಹಾಕಿದ್ದೂ ಕೇಳಸಿತ್ತು."

ಇಷ್ಟು ವರ್ಷ ನಾನು ಬೈದದ್ದು ಯಾರನ್ನು? ಒಂದು ಪ್ಲಾಸ್ಟಿಕ್ ಡಬ್ಬಿಯನ್ನು, ಗದಗದ ಆ ಬಡಪಾಯಿ ರಿಪೇರಿಯವನನ್ನು, ಇವತ್ತು ಏಣಿಯ ಮೇಲಿದ್ದ ಈ ನಿರಪರಾಧಿಯನ್ನು. ಅವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಅಣ್ಣನಿಗೆ ಬೈಯಲು ಶುರುಮಾಡಿದೆ. ಕಂಪನಿಯವನು ಚೀಲ ಎತ್ತಿಕೊಂಡು ಮೆಲ್ಲಗೆ ಹೊರಟುಹೋದ. ಬೈದು ಬೈದು ಗಂಟಲೊಣಗಿ ಒಂದು ಗಳಿಗೆ ನಿಂತೆ. ಆ ಕಡೆ ಸಪ್ಪಳವಿರಲಿಲ್ಲ.

"ಕೇಳಸಾಕತ್ತೇತಿಲ್ಲೋ?" ಅಂದೆ.

"ಕೇಳಾಕತ್ತೀನಿ, ಅನ್ನು," ಅಂದ.