ಏಳರಲ್ಲಿ ಒಂದು ನಿಮಗೆ

ನಾನು ಶಾಲೆ ಬಿಟ್ಟದ್ದು ೧೯೫೬ರಲ್ಲಿ, ಏಳನೆಯ ಕ್ಲಾಸಿನ ಪರೀಕ್ಷೆಗೆ ಮೊದಲು. ಅಂದಿನಿಂದ ಕಾಪುವಿನಲ್ಲಿ ಸೈಕಲ್ ರಿಪೇರಿ ಮಾಡಿ ತಲೆಯೆತ್ತಿ ಬದುಕಿದ್ದೇನೆ. ಎಂಥ ಡೊಂಕು ಚಕ್ರವನ್ನಾದರೂ ತನ್ನಿ, ನೆಟ್ಟಗೆ ಮಾಡಿ ಕೊಡುತ್ತೇನೆ. ಒಂದೇ ಚುನಾವಣೆಯಲ್ಲಿ ಏಳು ಮಂದಿಯನ್ನು ಆರಿಸುವ ನಮ್ಮ ಸಹಕಾರಿ ಸಂಘದ ಪದ್ಧತಿ ಮಾತ್ರ ನನ್ನ ಕೈಯಲ್ಲಿ ನೆಟ್ಟಗಾಗಲಿಲ್ಲ.

ಅಸೆಂಬ್ಲಿ ಚುನಾವಣೆ ಎಷ್ಟೋ ವಾಸಿ. ಒಂದು ಓಟು, ಗೆಲ್ಲುವವನೂ ಒಬ್ಬ. ಮಲ್ಪೆ ಬಂದರಿನ ಮೀನು ಏಲಂನಲ್ಲಿ ಒಂದು ಬುಟ್ಟಿ ಬಂಗುಡೆ ಒಬ್ಬನ ಪಾಲಾದ ಹಾಗೆ. ಸಂಘದಲ್ಲಿ ನಿರ್ದೇಶಕರ ಕುರ್ಚಿ ಏಳು, ಪ್ರತಿ ಸದಸ್ಯನಿಗೆ ಓಟೂ ಏಳು, ಒಬ್ಬ ಅಭ್ಯರ್ಥಿಗೆ ಒಂದರಂತೆ. ಕೇಳಲಿಕ್ಕೆ ಚಂದ. ಆದರೆ ಏಳು ಓಟು ಕಿಸೆಯಲ್ಲಿರುವ ಮನುಷ್ಯ ಮದುವೆಮನೆಯಲ್ಲಿ ವೀಳ್ಯ ಹಂಚುವವನಂತೆ ಉದಾರಿಯಾಗಿಬಿಡುತ್ತಾನೆ. ಬಾಗಿಲಿಗೆ ಬಂದವರಿಗೆಲ್ಲ, "ಏಳರಲ್ಲಿ ಒಂದು ನಿಮಗೆ!" ಇದೆಂಥ ಓಟು, ನೀವೇ ಹೇಳಿ.

ಎಂಬತ್ತರ ದಶಕದ ಆರಂಭದಲ್ಲಿ ನಾನೂ ನಿಂತೆ. ಸಂಘದ ಅಕ್ಕಿ ಅಂಗಡಿ ಸಂಜೆ ಐದಕ್ಕೇ ಬಾಗಿಲು ಹಾಕುತ್ತಿತ್ತು. ದುಡಿಯುವವರು ಅಕ್ಕಿ ಕೊಳ್ಳುವುದು ಯಾವಾಗ? ಅದನ್ನು ಏಳರವರೆಗೆ ತೆರೆದಿಡಿಸಬೇಕೆಂಬುದು ನನ್ನ ಹಟ. ಎಣಿಕೆಯಲ್ಲಿ ನಾನು ಎಂಟನೆಯವನಾದೆ. ಏಳನೆಯ ಕುರ್ಚಿ ಒಂದೇ ಓಟಿನಿಂದ ನಮ್ಮೂರಿನ ನಿವೃತ್ತ ಮಾಸ್ಟರಿಗೆ ಹೋಯಿತು. ಅವರಿಗೆ ಐದು ಗಂಟೆಯೇ ಸರಿ.

ಪಕ್ಕದ ಅಂಗಡಿಯ ಇದಿನಬ್ಬನನ್ನು ಹಿಡಿದು ಕೇಳಿದೆ. "ನಿಮ್ಗೆ ಹಾಕಿದ್ದೇನೆ ಮಾರಾಯ್ರೆ, ಮಾಸ್ಟ್ರಿಗೂ ಹಾಕಿದೆ. ಉಳಿದ ಓಟು ಎಂತ ಮಾಡುದು, ಉಪ್ಪಿನಕಾಯಿ ಹಾಕುದಾ?"

ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ, ಅವಳೂ ಸದಸ್ಯೆ. "ಮಾಸ್ಟ್ರು ನಮ್ಮಲ್ಲಿ ಕಾಫಿ ಕುಡಿದು ಹೋದವರಲ್ವಾ? ಒಂದು ಹಾಕಿದೆ. ನೀವು?"

ನಾನು ನಡೆದದ್ದನ್ನು ಹೇಳಿಯೇಬಿಟ್ಟೆ. ಓಟಿನ ಚೀಟಿ ಕೈಗೆ ಬಂದಾಗ ಅದು ಪ್ರಶ್ನೆಪತ್ರಿಕೆಯಂತೆಯೇ ಕಂಡಿತ್ತು. ನನ್ನೊಬ್ಬನಿಗೇ ಗುರುತು ಹಾಕಿ ಮಡಚಬಹುದಿತ್ತು. ಆದರೆ ಖಾಲಿ ಬಿಟ್ಟರೆ, ಶಾಲೆ ಬಿಟ್ಟವನಲ್ಲವೇ ಎಂದಾರು! ಗುಪ್ತ ಮತದಾನ, ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತಲ್ಲ. ಏಳನ್ನೂ ತುಂಬಿಸಿದೆ. ಕೊನೆಯದಕ್ಕೆ ಬೇರೆ ಹೆಸರು ತೋಚದೆ ಮಾಸ್ಟರಿಗೆ ಹಾಕಿದೆ.

"ನೀವೂ ಹಾಕಿದ್ರಾ? ಹಾಗಾದ್ರೆ ಅವರನ್ನು ಗೆಲ್ಲಿಸಿದ್ದು ನಾವೇ!" ಎಂದು ಅವಳು ಸೆರಗು ಬಾಯಿಗೊತ್ತಿ ನಕ್ಕಳು.

ಈಗ ನನ್ನಲ್ಲಿರುವುದು ಇಷ್ಟು: ಬಾಡಿಗೆ ಸೈಕಲ್ ಒಂಬತ್ತು, ಪಂಪು ಎರಡು, ಹೆಂಡತಿ ಒಬ್ಬಳು, ಇಬ್ಬರದೂ ಸೇರಿ ಓಟು ಹದಿನಾಲ್ಕು. ನನ್ನ ಸೈಕಲ್ ಅಂಗಡಿಯಲ್ಲಿ ಕುರ್ಚಿ ಒಂದು; ಸಂಜೆ ಐದಕ್ಕೆ ಸಂಘ ಮುಚ್ಚಿದ ಮೇಲೆ ಅದರಲ್ಲೂ ಮಾಸ್ಟರೇ ಕೂರುತ್ತಾರೆ.