ಕಪ್ಪೆ ‘ಇಲ್ಲ’ ಎಂದ ದಿನ

೧೯೬೪ ಇರಬೇಕು, ನಾನು ಬಿ.ಎ. ಮುಗಿಸಿ ಮೂಡುಬಿದಿರೆಗೆ ಮರಳಿದ್ದ ವರ್ಷ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ತಿಂಗಳುಗಳಲ್ಲಿ ನಾನು ಏನನ್ನೂ ಬರೆದಿಲ್ಲ. ಆದ್ದರಿಂದ ಇದೆಲ್ಲ ನೆನಪಿನಿಂದ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಬಂಟ್ವಾಳಕ್ಕೆ ಮದುವೆಯಾಗಿದ್ದ ಸುಮತಿ ಅಕ್ಕನ ಗರ್ಭ ಇಳಿದಿತ್ತು. ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂತಹ ಗುಳ್ಳೆಗಳು ಬಿದ್ದವಂತೆ. ಕೆಲವು ತಿಂಗಳಲ್ಲಿ ಕೆಮ್ಮು, ಕಫದಲ್ಲಿ ರಕ್ತ. ಎಲ್ಲರೂ ಕ್ಷಯವೆಂದರು. ಅಕ್ಕನ ಅತ್ತೆ ಅವಳ ತಟ್ಟೆ, ಲೋಟ ಬೇರೆ ಮಾಡಿದರು. ಕ್ಷಯದ ಇಂಜೆಕ್ಷನ್ ಕೊಟ್ಟರೂ ಅಕ್ಕ ಸೊರಗುತ್ತಲೇ ಹೋದಳು.

ಕೊನೆಗೆ ಭಾವ, ಅಮ್ಮ, ನಾನು ಅವಳನ್ನು ಮಂಗಳೂರಿಗೆ ಕರೆದೊಯ್ದೆವು. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಕೆಮ್ಮಿನ ವಿಷಯ ಬಿಟ್ಟು, “ಕೊನೆಯ ಬಸಿರು ಏನಾಯ್ತು?” ಎಂದು ಕೇಳಿದರು. ಅಮ್ಮ ಗೊಂಚಲಿನ ಸಂಗತಿ ಹೇಳಿದೊಡನೆ, “ಕಪ್ಪೆ ಪರೀಕ್ಷೆ ಮಾಡುವ” ಎಂದರು. ಬಸಿರು ತಿಳಿಯಲು ಆಗ ಹೆಂಗಸಿನ ಮೂತ್ರವನ್ನು ಕಪ್ಪೆಗೆ ಚುಚ್ಚಿ ನೋಡುತ್ತಿದ್ದರು; ಬಸಿರಿದ್ದರೆ ಕಪ್ಪೆಯಲ್ಲಿ ಅದರ ಗುರುತು ಕಾಣುತ್ತಿತ್ತು.

ನಾವು ಜೈನರು. ಅಮ್ಮ ಗಾಬರಿಯಾಗಿ, “ಕಪ್ಪೆ ಸಾಯ್ತದಾ ಡಾಕ್ಟ್ರೇ?” ಎಂದಳು.

“ಇಲ್ಲಮ್ಮ, ಬದುಕ್ತದೆ.”

“ನಿಮ್ಮ ಅಮ್ಮನಿಗೆ ಹೇಳಿ, ಅದಕ್ಕೂ ಒಂದು ತಟ್ಟೆ ಬೇರೆ ಇಡ್ಲಿ” ಎಂದು ಅಕ್ಕ ಭಾವನಿಗೆ ಹೇಳಿ, ನಗಲು ಹೋಗಿ ಕೆಮ್ಮಿದಳು.

ಮರುದಿನ ಕಪ್ಪೆ ‘ಉಂಟು’ ಎಂದಿತು. ಭಾವನ ಮುಖ ಅರಳಿತು. “ಮಗುವಾ?”

“ಮಗು ಅಲ್ಲ. ಆ ಗೊಂಚಲಿನದ್ದೇ ಚೂರು ಉಳಿದು ಕ್ಯಾನ್ಸರ್ ಆಗಿದೆ, ಶ್ವಾಸಕೋಶಕ್ಕೂ ಹೋಗಿದೆ. ಕಪ್ಪೆಗೆ ಅದೂ ಬಸಿರಿನ ಹಾಗೇ. ಹೊಸ ಮಾತ್ರೆ ಉಂಟು, ಬೊಂಬಾಯಿಯಿಂದ ತರಿಸುವ. ಕಪ್ಪೆ ‘ಇಲ್ಲ’ ಅನ್ನುವವರೆಗೂ ಕೊಡ್ಬೇಕು.”

ಮಾತ್ರೆಗೆ ಅಕ್ಕನ ಬಾಯೆಲ್ಲ ಹುಣ್ಣಾಯಿತು. ಗಂಜಿಯ ತಿಳಿಯೂ ಗಂಟಲಲ್ಲಿ ಇಳಿಯದು. ಕೂದಲು ಉದುರಿತು. ಹುಣ್ಣು ಮಾಯ್ದ ಮೇಲೆ ಮತ್ತೆ ಮಾತ್ರೆ, ಮತ್ತೆ ಕಪ್ಪೆ. ಮತ್ತೆ ‘ಉಂಟು’. ಅಕ್ಕನಿಗೆ ಮಗುವಾಗಲೆಂದು ಬಸದಿಯಲ್ಲಿ ಬೇಡಿಕೊಂಡಿದ್ದ ಅಮ್ಮ ಈಗ ‘ಇಲ್ಲ’ ಎಂಬ ಮಾತಿಗಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ಡಾಕ್ಟರಮ್ಮ ವರಾಂಡದ ತುದಿಯಿಂದಲೇ, “ಈ ಸಲ ಇಲ್ಲಮ್ಮ!” ಎಂದರು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸೊಬ್ಬರು ಅಮ್ಮನ ಕೈ ಹಿಡಿದು, “ಬೇಜಾರು ಮಾಡ್ಬೇಡಿ, ಇನ್ನೊಮ್ಮೆ ಆಗ್ತದೆ” ಎಂದರು. ಅಮ್ಮ ಅವರ ಹೆಗಲಿಗೊರಗಿ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಡಾಕ್ಟರಮ್ಮನನ್ನು ಕೇಳಿದಳು: “ಕಪ್ಪೆ ಹೇಗುಂಟು?”

ಎದೆಯ ಕಲೆಗಳೂ ನಿಧಾನವಾಗಿ ಮಾಸಿದವು. ಆದರೂ ವರ್ಷಗಟ್ಟಲೆ, ಅಕ್ಕ ಕೆಮ್ಮಿದರೆ ನಾವೆಲ್ಲ ಊಟ ನಿಲ್ಲಿಸಿ ಅವಳ ಕರವಸ್ತ್ರ ನೋಡುತ್ತಿದ್ದೆವು.

ಅಮ್ಮ ಕಪ್ಪೆಯನ್ನು ವಿಚಾರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಕ್ಕ ಮಾತ್ರ, “ಸುಳ್ಳು ಮಾರಾಯ, ಅಮ್ಮ ಹಾಗೆ ಕೇಳ್ಲೇ ಇಲ್ಲ” ಎಂದು ಇಂದಿಗೂ ಜಗಳಕ್ಕೆ ಬರುತ್ತಾಳೆ. ಯಾರ ನೆನಪು ಸರಿಯೋ ತಿಳಿಯದು. ಜಗಳಕ್ಕೆ ಅವಳಿದ್ದಾಳಲ್ಲ, ನನಗಷ್ಟು ಸಾಕು.