ಈಶ್ವರನ ಕೊಳಕ್ಕೆ ಕಾರಂಜಿ ಆರಿಸಿದ್ದು

ಮೀನಿಗೂ ಉಸಿರು ಕಟ್ಟುತ್ತದೆ ಎಂಬ ವಿಷಯ ನನಗೆ ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ನಗಬೇಡಿ. ಶಾಲೆಯಲ್ಲಿ ನನಗೂ ಹೇಳಿಕೊಟ್ಟಿದ್ದರು. ಮೀನಿನ ಚಿತ್ರ ಬಿಡಿಸಿ, ಕಿವಿರಿಗೆ ಕೆಂಪು ಬಣ್ಣ ತುಂಬಿ, ಮೇಷ್ಟ್ರ ಕೈಯಲ್ಲಿ ಶಹಭಾಸ್ ಅನ್ನಿಸಿಕೊಂಡದ್ದು ಮಸುಕಾಗಿ ನೆನಪಿದೆ. ಆದರೆ ಬಣ್ಣ ತುಂಬಿದ್ದೆಲ್ಲ ತಲೆಯಲ್ಲಿ ಉಳಿಯುವುದಿಲ್ಲ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬೆಳೆಯುವ ಜೀವಕ್ಕೆ ನೀರೊಳಗೆ ಏನು ಕಡಿಮೆ ಎಂದುಕೊಂಡು, ಅಕ್ಕಿ ಡಬ್ಬದೊಳಗಿನ ಹುಳದಷ್ಟೇ ಸುಖಿ ಮೀನು ಎಂದು ನಂಬಿಕೊಂಡು, ಇಷ್ಟು ವರ್ಷ ಸಂಸಾರ ಮಾಡಿದೆ.

ನಾವು ದಾವಣಗೆರೆ ಕಡೆಯವರು. ಗೋವಿಂದರಾಜನಗರದ ಬಾಡಿಗೆ ಮನೆಗಳಲ್ಲಿ ಹದಿನೈದು ವರ್ಷ ಕಳೆದು, ಕೊನೆಗೆ ಹೇರೋಹಳ್ಳಿಯಲ್ಲಿ ಒಂದು ಸೈಟು ಕೊಂಡು ಮನೆ ಕಟ್ಟಿಸಿದೆವು. ಮುಂದಿನ ರಸ್ತೆ ಇವತ್ತಿಗೂ ರಸ್ತೆಯಾಗಿಲ್ಲ, ಆದರೆ ಅದೇ ಕೆಸರಿನಲ್ಲಿ ಐದು ನಿಮಿಷ ನಡೆದರೆ ಈಶ್ವರನ ಗುಡಿ ಸಿಗುತ್ತದೆ. ಗುಡಿಯ ಪಕ್ಕಕ್ಕೆ ಕಲ್ಲಿನ ಮೆಟ್ಟಿಲಿರುವ ಚಿಕ್ಕ ಕೊಳ. ಹೊಸಗುಡಿ ಕಟ್ಟುವಾಗ ಹಳೆಯ ಬಾವಿಯನ್ನೇ ಅಗಲ ಮಾಡಿದ್ದಂತೆ; ಆಳ ಎರಡಾಳು, ಅಗಲ ನಮ್ಮ ಮನೆಯ ನಡುಮನೆಯಷ್ಟು. ದೇವರು ನಮಗೆ ಕೊಡುವ ಸಣ್ಣಪುಟ್ಟ ಕರುಣೆಗಳನ್ನು ದಿನಕ್ಕೆ ಮೂರಾದರೂ ಎಣಿಸಿಕೊಳ್ಳುವ ಅಭ್ಯಾಸ ನನಗೆ. ಗ್ಯಾಸು ಮುಗಿಯುವ ಮುಂಚೆಯೇ ಸಾರು ಕುದಿದರೆ ಒಂದು. ಮಂಡಿನೋವು ಇಲ್ಲದೆ ಗುಡಿಯ ಮೆಟ್ಟಿಲು ಹತ್ತಿದರೆ ಇನ್ನೊಂದು. ಕೊಳದ ಮೀನು ಕಂಡರೆ ಮೂರನೆಯದು.

ಆ ಕೊಳಕ್ಕೆ ಮೀನು ಬಿಡುವ ಹರಕೆ ಯಾರು ಶುರು ಮಾಡಿದರೋ ಗೊತ್ತಿಲ್ಲ. ಮಗಳು ಪರೀಕ್ಷೆಯಲ್ಲಿ ಪಾಸಾದರೆ ಒಂದು ಜೋಡಿ ಮೀನು. ಸೊಸೆಗೆ ಹೆರಿಗೆ ಸುಸೂತ್ರವಾದರೆ ಒಂದು ಜೋಡಿ. ಮನೆ ಖಾಲಿ ಮಾಡುವವರು ತಮ್ಮ ಗಾಜಿನ ತೊಟ್ಟಿಯ ಮೀನುಗಳನ್ನು ತಂದು, ದೇವರ ಮಡಿಲಿಗೆ ಹಾಕಿದೆವು ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಯಾರೋ ಪುಣ್ಯಾತ್ಮರು ಕೆರೆಯಲ್ಲಿ ಬೆಳೆಯುವ ದೊಡ್ಡ ಜಾತಿಯದನ್ನೂ ಬಿಟ್ಟಿದ್ದರು. ಅವು ಒಂದೊಂದೂ ಮೊಳದುದ್ದ ಆದವು. ಹರಕೆ ಬೇಡ ಎನ್ನುವ ಬಾಯಿ ಯಾರಿಗಿತ್ತು? ಬಂದವರೆಲ್ಲ ಮಂಡಕ್ಕಿ ಎರಚುತ್ತಿದ್ದರು. ನಮ್ಮ ಕಡೆ ಮಂಡಕ್ಕಿ, ಇಲ್ಲಿಯವರಿಗೆ ಪುರಿ. ಮೀನಿಗೆ ಎರಡೂ ಒಂದೇ. ತಿಂದು ಉಳಿದದ್ದು ತಳಕ್ಕೆ ಇಳಿದು ಕೊಳೆಯುತ್ತಿತ್ತು.

ಮೆಟ್ಟಿಲು ಗುಡಿಸುವವಳು ನಾನಾದ್ದರಿಂದ ಗುಡಿಯ ಸಮಿತಿಯವರು ಕೊಳದ ಉಸ್ತುವಾರಿಯನ್ನೂ ನನಗೇ ವಹಿಸಿದರು. ಕಳೆದ ಬೇಸಿಗೆಯ ಒಂದು ಬೆಳಗ್ಗೆ ನಾನೊಂದು ಅದ್ಭುತ ಕಂಡೆ. ನಮ್ಮ ಅಯ್ಯನವರು ಒಳಗೆ ಅಭಿಷೇಕ ಮಾಡುತ್ತ ಮಂತ್ರ ಹೇಳುತ್ತಿದ್ದರು. ಇತ್ತ ಕೊಳದ ಮೀನುಗಳೆಲ್ಲ ಮೇಲಕ್ಕೆ ಬಂದು, ಮುಖ ನೀರಿನಾಚೆ ಹಾಕಿ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಮಾರನೆಯ ದಿನವೂ ಅದೇ ಹೊತ್ತಿಗೆ, ಅದೇ ರೀತಿ. ಶಿವನಾಮ ಜಪಿಸುತ್ತಿವೆ ಎಂದು ನನಗೆ ಖಾತ್ರಿಯಾಯಿತು. ಮೈಮೇಲೆ ಮುಳ್ಳೆದ್ದಿತು. ಭಜನಾ ಮಂಡಳಿಯಲ್ಲಿ ಹೇಳಿದೆ. ಒಂದು ವಾರದಲ್ಲಿ ಬಸವೇಶ್ವರನಗರದಿಂದಲೂ ಜನ ಆಟೊ ಮಾಡಿಕೊಂಡು ನೋಡಲು ಬಂದರು. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಇನ್ನಷ್ಟು ಮಂಡಕ್ಕಿ. ಇನ್ನಷ್ಟು ಮೀನು.

ಮುನಿಯಮ್ಮ ಬಾಯಿ ಹಾಕಿದ್ದು ಆಗ. ಅವಳು ಇಲ್ಲಿಯದೇ ಹಳೆಯ ಊರಿನವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳ ಅಪ್ಪ ಕೆರೆಯಲ್ಲಿ ಬಲೆ ಬೀಸುತ್ತಿದ್ದವನು. ಈಗ ಅವಳು ಅಡ್ಡರಸ್ತೆಯ ತುದಿಯಲ್ಲಿ ಕೊಡೆ ನೆಟ್ಟುಕೊಂಡು ಮೀನು ಮಾರುತ್ತಾಳೆ. ದಿನಾ ಬೆಳಗ್ಗೆ ಬುಟ್ಟಿಯನ್ನು ದೂರದ ಕಂಬದ ಬುಡದಲ್ಲಿಟ್ಟು, ಗುಡಿಯ ಗೇಟಿನ ಹೊರಗೇ ನಿಂತು ಕೈಮುಗಿಯುತ್ತಿದ್ದಳು. ನಾನು ಅವಳ ಕೊಡೆ ದಾಟುವಾಗ ಸೆರಗು ಮೂಗಿಗೆ ಹೋಗುತ್ತಿತ್ತು. ಅದು ತಾನಾಗಿ ಹೋಗುತ್ತಿತ್ತು ಎಂದು ನಾನು ಹೇಳಬಹುದು. ಸೆರಗು ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಅವತ್ತು ನಾನು ಯಾರಿಗೋ ಜಪ ತೋರಿಸುತ್ತಿದ್ದೆ. ಗೇಟಿನ ಆಚೆಯಿಂದ ಅವಳು ಕೂಗಿದಳು. "ಅಮ್ಮಾವ್ರೆ, ಅವು ಜಪ ಮಾಡ್ತಿಲ್ಲ ಕಣ್ರವ್ವ. ಉಸ್ರು ಸಿಗ್ದೆ ಒದ್ದಾಡ್ತಾ ಅವೆ."

"ನಿಂಗೇನ್ ಗೊತ್ತಮ್ಮ ಅದೆಲ್ಲ" ಅಂದೆ.

"ಮೀನಿನ್ ವಿಸ್ಯ ನಂಗಲ್ದೆ ನಿಮ್ಗೊತ್ತಾ? ಈಟು ನೀರ್ಗೆ ಈಟೊಂದ್ ಮೀನು ಬಿಟ್ರೆ ಇನ್ನೇನಾಯ್ತದೆ. ಅರ್ಧ ತಗ್ದು ಕೆರೆಗ್ ಬಿಡಿ. ಪುರಿ ಹಾಕದ್ ನಿಲ್ಸಿ. ತಳದಿಂದ ಗಾಳಿ ಬರಂಗೆ ಏನಾರಾ ಮಾಡಿ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಹೇಳಿದ್ದು ಸುಳ್ಳು ಎಂದಲ್ಲ, ಹೇಳಿದವಳು ಅವಳು ಎಂದು. ಮೀನು ಕೊಯ್ಯುವವಳಿಗೆ ಮೀನಿನ ಜೀವದ ಬಗ್ಗೆ ಏನು ಗೊತ್ತು ಎಂಬುದು ನನ್ನ ತರ್ಕ. ಹುಟ್ಟಿದಾಗಿನಿಂದ ಮೀನು ಮುಟ್ಟದ ನನಗೆ ಗೊತ್ತಿರುತ್ತದೆ ಎಂಬುದು ಅದೇ ತರ್ಕದ ಇನ್ನೊಂದು ತುದಿ. ಈಗ ಬರೆಯುವಾಗ ಇದು ಎಷ್ಟು ಪೆದ್ದು ಅನ್ನಿಸುತ್ತದೆ. ಅವತ್ತು ವಿಭೂತಿ ಹಚ್ಚಿದ ಹಣೆಯೊಳಗೆ ಅದು ವೇದಾಂತದ ಹಾಗೆ ಕೂತಿತ್ತು.

ಆದರೆ ಮುಂದಿನ ವಾರ ನಾಲ್ಕು ಸಣ್ಣ ಮೀನು ಸತ್ತು ತೇಲಿದವು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತರಾದವರು, ಪಂಪು ಮೋಟರು ಎಂದರೆ ಕಿವಿ ನಿಮಿರುತ್ತದೆ. "ಆಯಮ್ಮ ಹೇಳಿದ್ದು ಸರಿ ಇರ್ಬೇಕು ಕಣೇ" ಅಂದರು. ಮೀನು ತೆಗೆಯುವ ಮಾತು ಸಮಿತಿಯಲ್ಲಿ ಯಾರೂ ಎತ್ತಲಿಲ್ಲ. ಹರಕೆಯ ಮೀನು ಹೊರಗೆ ಹಾಕುವುದುಂಟೆ. ಗಾಳಿಯ ಯಂತ್ರ ಮಾತ್ರ ತರೋಣ ಎಂದು ನಿರ್ಧಾರವಾಯಿತು. ಆರಿಸುವ ಕೆಲಸ ನಮ್ಮಿಬ್ಬರಿಗೆ ಬಿತ್ತು.

ಮಾಗಡಿ ರಸ್ತೆಯ ಒಂದು ಅಂಗಡಿಗೆ ಹೆಣ್ಣು ನೋಡಲು ಹೋದವರ ಹಾಗೆ ಹೋದೆವು. ಅಂಗಡಿಯ ಯಜಮಾನರು ತಾಳ್ಮೆಯ ಮನುಷ್ಯ, ನೀರೊಳಗೆ ಗಾಳಿ ಕರಗಿರುತ್ತದೆ ಎಂಬಲ್ಲಿಂದ ಪಾಠ ಶುರು ಮಾಡಿದರು. ಕಾಯಿಸಿ ಆರಿಸಿದ ನೀರು ಸಪ್ಪೆ ಎನ್ನಿಸುತ್ತದಲ್ಲ, ಅದರೊಳಗಿನ ಗಾಳಿ ಹೋಗಿರುತ್ತದೆ. ಅದನ್ನೇ ಎತ್ತರದಿಂದ ಎರಡು ಸಲ ಸುರಿದು ನೋಡಿ, ರುಚಿ ತಿರುಗಿ ಬರುತ್ತದೆ ಎಂದರು. ನಲವತ್ತು ವರ್ಷ ಲೋಟದಿಂದ ಲೋಟಕ್ಕೆ ನೀರು ಸುರಿದು ಆರಿಸಿದವಳು ನಾನು, ಮಾಡುತ್ತಿದ್ದದ್ದು ವಿಜ್ಞಾನ ಎಂದು ತಿಳಿದು ಸ್ವಲ್ಪ ಬೀಗಿದೆ. ಬಿಸಿಲಿಗೆ ಕಾದ ನೀರಿನಲ್ಲಿ ಗಾಳಿ ನಿಲ್ಲುವುದು ಕಡಿಮೆಯಂತೆ. ಹಗಲಿನಲ್ಲಿ ಗಾಳಿ ಕೊಡುವ ಪಾಚಿಯೇ ಕತ್ತಲಾದ ಮೇಲೆ ಮೀನಿನ ಪಾಲಿನದನ್ನೂ ಎಳೆದುಕೊಳ್ಳುತ್ತದಂತೆ. ತಳದಲ್ಲಿ ಕೊಳೆಯುವ ಮಂಡಕ್ಕಿಯೂ ತನ್ನದೊಂದು ಪಾಲು ಗಾಳಿ ತಿನ್ನುತ್ತದಂತೆ. ಹಾಗಾಗಿ ನಸುಕಿನ ಹೊತ್ತೇ ಮೀನಿಗೆ ಕಷ್ಟ. ಅಯ್ಯನವರ ಮಂತ್ರದ ಹೊತ್ತು. ನನಗೆ ಅರ್ಥವಾಯಿತು, ಆದರೆ ಅರ್ಥವಾಗದವಳ ಹಾಗೆ ಗೋಡೆ ನೋಡಿದೆ.

ಅವರು ತೋರಿಸಿದ್ದು ಎರಡು. ಒಂದು, ಪೆಟ್ಟಿಗೆಯಂಥ ಗಾಳಿ ಪಂಪು. ಅದಕ್ಕೆ ಕಪ್ಪು ಪೈಪುಗಳು, ಪೈಪಿನ ತುದಿಗೆ ಸಣ್ಣ ತೂತುಗಳ ಕಲ್ಲು. ಕಲ್ಲನ್ನು ತಳದಲ್ಲಿಟ್ಟರೆ ಗುಳ್ಳೆಗಳು ಏಳುತ್ತ ಕೆಳಗಿನ ನೀರನ್ನು ಮೇಲಕ್ಕೆ ತರುತ್ತವೆ. ಯಾವಾಗಲೂ ಗುಂಯ್ ಎನ್ನುತ್ತಿರುತ್ತದೆ, ನಿಲ್ಲಿಸುವ ಹಾಗಿಲ್ಲ, ಕಣ್ಣಿಗೆ ಕಾಣುವ ಶೋಭೆ ಏನೂ ಇಲ್ಲ. ಇನ್ನೊಂದು, ಬಣ್ಣದ ದೀಪದ ಕಾರಂಜಿ. ಅಂಗಡಿಯವರು ಸ್ವಿಚ್ಚು ಹಾಕಿದರು. ನೀರು ಆಳೆತ್ತರ ಚಿಮ್ಮಿ, ನೀಲಿಯಾಗಿ, ಬಿಳಿಯಾಗಿ ಉದುರಿತು. ಸಾಕ್ಷಾತ್ ಗಂಗೆ ಶಿವನ ಜಟೆಯಿಂದ ಇಳಿದಂತೆ ಕಂಡಿತು ನನ್ನ ಕಣ್ಣಿಗೆ.

"ಅಮ್ಮ, ನಿಮ್ ಕೊಳ ಆಳ ಇದೆ, ಮೀನೂ ಜಾಸ್ತಿ" ಅಂದರು ಅವರು. "ಕಾರಂಜಿ ಮೇಲಿನ್ ನೀರನ್ನೇ ಎತ್ತಿ ಮೇಲಕ್ಕೇ ಹಾಕುತ್ತೆ. ತಳಕ್ಕೆ ಏನೂ ಮುಟ್ಟಲ್ಲ. ಪಂಪ್ ತಗೊಳ್ಳಿ."

ಯಜಮಾನರೂ ಪಂಪು ಅಂದರು. ಮುನಿಯಮ್ಮ ಅಂದದ್ದೂ ತಳದಿಂದ ಗಾಳಿ ಎಂದೇ. ಮೂರು ಬಾಯಿ ಒಂದೇ ಮಾತು ಹೇಳುತ್ತಿದ್ದಾಗ ನಾನು, ಧ್ಯಾನಕ್ಕೆ ಕೂತವರಿಗೆ ಆ ಗುಂಯ್ ಸದ್ದು ಭಂಗವಾಗುತ್ತದೆ, ಕಾರಂಜಿಯೇ ಇರಲಿ ಎಂದೆ. ಅಂಗಡಿಯಲ್ಲಿ ಹೆಂಡತಿಯ ಮಾತು ಮೀರುವ ಅಭ್ಯಾಸ ನಮ್ಮ ಯಜಮಾನರಿಗಿಲ್ಲ. ಅದೊಂದು ಅಭ್ಯಾಸ ಅವರಿಗೆ ಇದ್ದಿದ್ದರೆ ಎಂದು ಈಗ ಅಂದುಕೊಳ್ಳುತ್ತೇನೆ. ತಪ್ಪನ್ನು ಸ್ವಲ್ಪ ಹಂಚಿಕೊಳ್ಳಬಹುದಿತ್ತು.

ಕಾರಂಜಿ ಬಂತು. ಸಂಜೆ ಆರತಿಯ ಹೊತ್ತಿಗೆ ಎರಡು ಗಂಟೆ ಹಾಕಿ, ಜನ ಹೋದ ಮೇಲೆ ಆರಿಸುತ್ತಿದ್ದೆ. ನೋಡುವವರಿಲ್ಲದ ಮೇಲೆ ಕರೆಂಟು ಯಾಕೆ ದಂಡ ಎಂಬುದು ಗೃಹಿಣಿಯ ಬುದ್ಧಿ. ಮೀನು ಉಸಿರಾಡಲು ತಂದ ಯಂತ್ರವನ್ನು ಮೀನಿಗೆ ಉಸಿರು ಬೇಕಾದ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಿದ್ದವಳು ನಾನು. ಎಲ್ಲರೂ ಹೊಗಳಿದರು. ಹೊಗಳಿಕೆಯನ್ನು ಆ ದಿನಗಳ ಕರುಣೆಗಳ ಪಟ್ಟಿಗೆ ಸೇರಿಸಿಕೊಂಡೆ.

ವೈಶಾಖದಲ್ಲಿ ಎರಡು ದಿನ ಮೋಡ ಕಟ್ಟಿ, ಮಳೆ ಬಾರದೆ, ಸೆಕೆಯಲ್ಲಿ ಊರು ಬೆಂದಿತು. ಮೂರನೆಯ ಬೆಳಗ್ಗೆ ಹೂವಿನ ಬುಟ್ಟಿ ಹಿಡಿದು ಹೋದೆ. ದೂರದಿಂದ ಕೊಳದ ಮೇಲೆ ಯಾರೋ ಮಲ್ಲಿಗೆ ಸುರಿದಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ, ಬಿಳಿ ಹೊಟ್ಟೆಗಳು. ಮೊಳದುದ್ದದವೇ ಮೊದಲು ಹೋಗಿದ್ದವು. ಉಳಿದವು ಅವುಗಳ ನಡುವೆ ಬಾಯಿ ಮೇಲೆತ್ತಿ ತೆರೆಯುತ್ತಿದ್ದವು. ಈ ಸಲ ಅದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಯ್ಯನವರು ಗರ್ಭಗುಡಿಯ ಬಾಗಿಲು ಎಳೆದುಕೊಂಡು ನಿಂತರು. ಬಂದವರೆಲ್ಲ ಮೆಟ್ಟಿಲ ಮೇಲೆ ನಿಂತು ಶಿವಶಿವಾ ಎಂದರು. ಸತ್ತ ಮೀನು ಮುಟ್ಟಲು ಯಾರ ಕೈಯೂ ಮುಂದೆ ಬರಲಿಲ್ಲ. ನನ್ನದೂ. ಮುನಿಯಮ್ಮ ಬುಟ್ಟಿಯನ್ನು ಕಂಬದ ಬುಡದಲ್ಲಿಟ್ಟು, ಇಷ್ಟು ವರ್ಷದಲ್ಲಿ ಮೊದಲ ಸಲ ಗೇಟು ದಾಟಿ ಬಂದು, ಸೀರೆ ಎತ್ತಿ ಕಟ್ಟಿ, ನೀರಿಗಿಳಿದಳು.

"ನೋಡ್ತಾ ನಿಂತ್ಕಂಡ್ರೆ ಅವು ಬದುಕ್ತವಾ? ಕೊಡ ತಗಳಿ. ಎತ್ತಿ ಎತ್ತಿ ಮೇಲಿಂದ ಸುರೀರಿ. ಅಬಿಸೇಕ ಮಾಡಕ್ ಬತ್ತದಲ್ಲ, ಅಂಗೇಯ."

ಕಾರಂಜಿಯ ಸ್ವಿಚ್ಚು ಒತ್ತಿದರೆ ಕರೆಂಟಿರಲಿಲ್ಲ. ಅಭಿಷೇಕದ ತಾಮ್ರದ ಕೊಡಗಳೇ ಕೈಗೆ ಸಿಕ್ಕಿದ್ದು. ನಾನು, ಭಜನಾ ಮಂಡಳಿಯ ಐದಾರು ಜನ, ಸಾಲಾಗಿ ನಿಂತು, ಕೊಳದ ನೀರನ್ನೇ ಮೊಗೆದು ತಲೆಯೆತ್ತರದಿಂದ ಸುರಿದೆವು. ಬಿಸಿಲು ಏರುವತನಕ ಸುರಿದೆವು. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ ಅಭಿಷೇಕ ಇನ್ನೊಂದಿಲ್ಲ. ನಾಲ್ಕರಲ್ಲಿ ಒಂದು ಪಾಲು ಮೀನು ಉಳಿಯಿತು.

ಸತ್ತವನ್ನು ಮುನಿಯಮ್ಮ ಕುಕ್ಕೆಗೆ ತುಂಬುತ್ತಿದ್ದಾಗ ಮಂಡಳಿಯ ಒಬ್ಬಾಕೆ, ಎಲ್ಲರಿಗೂ ಕೇಳುವಂತೆ, "ಇವತ್ತು ಇವ್ಳಿಗೆ ಭರ್ಜರಿ ವ್ಯಾಪಾರ ಬಿಡ್ರೀ" ಅಂದರು. ಮುನಿಯಮ್ಮ ತಲೆಯೆತ್ತಲಿಲ್ಲ. "ದೇವ್ರು ಕೊಳದ್ದು ನಾನ್ ಮಾರಲ್ಲ ಕಣ್ರಮ್ಮ" ಎಂದಷ್ಟೇ ಹೇಳಿ, ಹೋಗಿ ಬಿಲ್ವದ ಗಿಡದಾಚೆ ಗುಂಡಿ ತೋಡಿ ಮುಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಹಾಗೆ ಅನ್ನಬೇಡಿ ಎಂಬ ಎರಡು ಪದ ನನ್ನ ಬಾಯಲ್ಲಿ ಬರಲಿಲ್ಲ. ಸುಸ್ತಾಗಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಕೊಡ ಎತ್ತಲು ಇದ್ದ ಬಲ ನಾಲಿಗೆ ಎತ್ತಲು ಸಾಲಲಿಲ್ಲ. ಮೀನು ಸತ್ತದ್ದು ನನ್ನ ತಿಳಿಗೇಡಿತನಕ್ಕೆ. ಅದಕ್ಕೆ ದೇವರ ಮುಂದೆ ಅಡ್ಡಬೀಳಬಹುದು. ಈ ಎರಡು ಪದಕ್ಕೆ ಎಲ್ಲಿ ಅಡ್ಡಬೀಳುವುದು ಎಂದು ತಿಳಿಯಲಿಲ್ಲ.

ಈಗ ಕೊಳದ ತಳದಲ್ಲಿ ಗಾಳಿಯ ಕಲ್ಲುಗಳಿವೆ. ಪಂಪು ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ಧ್ಯಾನಕ್ಕೆ ಕೂತವರಿಗೆ ಮೂರೇ ದಿನಕ್ಕೆ ಒಗ್ಗಿಹೋಯಿತು. ಮಂಡಕ್ಕಿ ನಿಂತಿದೆ. ಹರಕೆಯ ಮೀನು ತಂದವರನ್ನು ಗೇಟಿನಲ್ಲೇ ತಡೆದು ಬೈಸಿಕೊಳ್ಳುವ ಕೆಲಸ ನನ್ನದು. ಒಂದು ಕೊಳದಲ್ಲಿ ಎಷ್ಟು ಜೀವ ಹಿಡಿಸುತ್ತದೋ ಅಷ್ಟಕ್ಕೇ ಉಸಿರು ಎಂದು ಹೇಳಿದರೆ, "ದೇವ್ರ ಕೊಳಕ್ಕೂ ಲಿಮಿಟ್ಟಾ ಆಂಟಿ?" ಎಂದು ಕೇಳುತ್ತಾರೆ. ದೇವರಿಗಿಲ್ಲ, ನೀರಿಗಿದೆ ಎನ್ನುತ್ತೇನೆ.

ಇಷ್ಟೆಲ್ಲ ಸರಿಮಾಡಿದರೂ ಮುನಿಯಮ್ಮನ ಕೊಡೆ ದಾಟುವುದು ದಿನದಿನಕ್ಕೆ ಕಷ್ಟವಾಯಿತು. ಕೊನೆಗೆ ಒಂದು ಶನಿವಾರ ಬೆಳಗ್ಗೆ ಹೋಗಿ ಅವಳ ಮುಂದೆ ನಿಂತೆ. ಗಿರಾಕಿಗಳು ಸರಿದು ಜಾಗ ಬಿಟ್ಟರು. "ಏನ್ ಬೇಕ್ರಮ್ಮ?" ಎಂದು ಅಭ್ಯಾಸಬಲದಿಂದ ಕೇಳಿ, ಮುಖ ನೋಡಿ ಅವಳೇ ನಕ್ಕಳು.

"ಅವತ್ತು ಅವ್ರು ಹಂಗಂದಾಗ ನಾನು ಸುಮ್ನಿದ್ದೆ ಮುನಿಯಮ್ಮ. ತಪ್ಪಾಯ್ತು."

ಅವಳು ಒಂದು ಮೀನಿನ ಹುರುಪೆ ಹೆರೆಯುವುದನ್ನು ಮುಗಿಸಿದಳು. "ಅಂದೋರ್ ಬಾಯಿ ಅವರ್ದು. ನೀವ್ಯಾಕ್ ಒತ್ಕಂಡ್ ತಿರುಗ್ತೀರಾ? ಕೂತ್ಕಳಿ, ಬಿಸ್ಲು" ಎಂದು ತನ್ನ ಮಣೆಯನ್ನೇ ಮುಂದಕ್ಕೆ ತಳ್ಳಿದಳು. ಕೂತೆ. ಹತ್ತು ನಿಮಿಷ ಅವಳ ಸೊಸೆಯ ಮಂಡಿನೋವು, ನನ್ನ ಮಂಡಿನೋವು ಮಾತಾಡಿದೆವು.

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಯಜಮಾನರು ಫೋನು ಕೆಳಗಿಟ್ಟು, "ನೀನು ಮೀನ್ ತಗೊಂಡ್ಯಂತೆ, ಅದೂ ಕೂತ್ಕೊಂಡು ಚೌಕಾಸಿ ಮಾಡಿ" ಎಂದರು. ಸಂಜೆ ಭಜನೆಯಲ್ಲಿ ನನ್ನ ಎರಡೂ ಪಕ್ಕ ಒಂದೊಂದು ಗೇಣು ಜಾಗ ಖಾಲಿ ಉಳಿಯಿತು. ಅವತ್ತು ವ್ಯಾಪಾರದ ಮಾತೆತ್ತಿದ್ದ ಆ ಒಬ್ಬಾಕೆ, "ಯಾವ್ ಮೀನ್ ತಂದ್ರಿ, ಸಾರು ಚೆನ್ನಾಗಾಯ್ತಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಮುನಿಯಮ್ಮನನ್ನು ಉಳಿಸಲು ಬಾರದ ಮಾತು ನನ್ನನ್ನು ಉಳಿಸಿಕೊಳ್ಳಲು ಎಷ್ಟು ಬೇಗ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಾಗೇ ನುಂಗಿಕೊಂಡು ತಾಳ ಕೈಗೆತ್ತಿಕೊಂಡೆ.